ಹೊತ್ತು ಮುಳುಗಿದ ಮೇಲಿನ ಮಾತ್ರೆ

ಶ್ರೀ ಪಾರ್ಶ್ವನಾಥಾಯ ನಮಃ

ಹಳೇಬೀಡು, ಮಂಗಳವಾರ

ಅರಸೀಕೆರೆಯ ಅಕ್ಕನಿಗೆ ತಂಗಿ ಧರ್ಮಾವತಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ, ಸೊಂಟದ ನೋವು ಇಳಿದಿದೆ. ಫೋನಿನಲ್ಲಿ ಹೇಳಿದರೆ ನೀನು ಅತ್ತುಬಿಡುತ್ತೀಯೆಂದು ಬರೆಯುತ್ತಿದ್ದೇನೆ.

ಭಾನುವಾರ ನೀರಿನ ಕೊಡ ಎತ್ತುವಾಗ ನನ್ನ ಸೊಂಟ ಹಿಡಿದುಕೊಂಡಿತಲ್ಲ, ನೀನು ನಿನ್ನ ಮಂಡಿ ನೋವಿನ ಮಾತ್ರೆ ಎರಡು ಕೊಟ್ಟೆ. ನೀರು ತರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಮೇಲೆ ನಾನು ನೀರನ್ನೂ ಮುಟ್ಟುವವಳಲ್ಲ. "ಮಾತ್ರೆಗೂ ನೇಮ ಏನೇ? ನರಳ್ಕೊಂಡು ಬಿದ್ದಿರು ಹೋಗು" ಎಂದು ಬೈದು ನೀನು ಬಸ್ಸು ಹತ್ತಿದೆ. ನಿಜ ಹೇಳುತ್ತೇನೆ, ನೀನು ಇನ್ನೊಂದು ಸಲ ಹೇಳಿದ್ದರೆ ನುಂಗಿಬಿಡುತ್ತಿದ್ದೆ.

ಮರುದಿನ ಬೆಳಗ್ಗೆ ಆ ಮಾತ್ರೆಗಳನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಹೃದಯದ ಆಪರೇಷನ್ ಆದಾಗಿನಿಂದ ರಕ್ತ ತೆಳುವಾಗಲು ಮಾತ್ರೆ ನುಂಗುತ್ತೇನಲ್ಲ, ಅದರ ಜೊತೆ ಇದು ಸೇರಿದರೆ ಹೊಟ್ಟೆಯೊಳಗೇ ರಕ್ತ ಸುರಿಯಬಹುದಂತೆ. ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಬೇರೆ ಮಾತ್ರೆ ಕೊಟ್ಟರು.

"ಸ್ವಾಮಿನೇ ಹೊತ್ತು ಮುಳುಗ್ಸಿ ಕಾಪಾಡ್ದ ಕಣಮ್ಮ" ಎಂದೆ. ಅವರು ನಕ್ಕು, "ನೋವು ಬೆಳಗ್ಗೆ ಬಂದಿದ್ರೆ ಏನ್ ಮಾಡ್ತಿದ್ರಮ್ಮ?" ಎಂದರು.

ಅದಕ್ಕೇ ಅವರ ನಂಬರನ್ನು ಮಾತ್ರೆ ಡಬ್ಬಿಯ ಮೇಲೆ ಬರೆಸಿದ್ದೇನೆ. ಇನ್ನು ಯಾರು ಏನು ಕೊಟ್ಟರೂ ಅವರನ್ನು ಕೇಳಿಯೇ ನುಂಗುವುದು, ಇದೂ ಒಂದು ನೇಮ. ನಿನ್ನ ಮಾತ್ರೆಗಳು ಈ ಲಕೋಟೆಯಲ್ಲಿವೆ. ಅಕ್ಕರೆಯಿಂದ ಕೊಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮುಂದಿನ ಭಾನುವಾರ ಬಾ, ಹೊತ್ತಿರುವಾಗಲೇ ಇಬ್ಬರೂ ಉಣ್ಣೋಣ. ಕೊಡ ಮಾತ್ರ ನೀನೇ ಎತ್ತಬೇಕು.

ನಿನ್ನ ಹಠಮಾರಿ ತಂಗಿ,
ಧರ್ಮಾವತಿ