ಹತ್ತು ವೋಲ್ಟಿನ ಅಂತರ

ತಿಪಟೂರು
೧೬-೩-೧೯೯೯

ಅಂಗಡಿ ಮಳಿಗೆಯ ಮಾಲೀಕರಾದ ಗಿಡ್ಡಯ್ಯನವರಿಗೆ ಕುಬ್ರಾಳ ನಮಸ್ಕಾರಗಳು.

ಈಗ ಸಂಜೆ ಏಳು ಗಂಟೆ. ಇಡೀ ದಿನ ಒಂದೇ ಟೀವಿ ಸ್ಟೆಬಿಲೈಸರ್ ಮುಂದೆ ಕುಳಿತಿದ್ದೆ. ನಮ್ಮವರು ತೀರಿಕೊಂಡ ಮೇಲೆ ಮನೆಯಲ್ಲೇ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿಸಿ, ಅವರ ರಿಪೇರಿ ಅಂಗಡಿಯನ್ನು ನಾನೇ ತೆರೆದಾಗ, "ಒಂದು ವಾರ ನೋಡ್ತೀನಿ ಕಣಮ್ಮ, ಆಗ್ದಿದ್ರೆ ಬೀಗದ ಕೈ ಕೊಟ್ಬುಡು" ಎಂದಿದ್ದಿರಿ. ನಾಳೆಗೆ ವಾರ ತುಂಬುತ್ತದೆ.

ನಾನು ಸರಿ ಮಾಡಿ ಕಳಿಸಿದ್ದ ಇದನ್ನೇ ಅರಳಗುಪ್ಪೆಯ ಪುಟ್ಟಗಂಗಮ್ಮ ಮೊನ್ನೆ ವಾಪಸ್ ತಂದು, "ಟೀವಿ ನೋಡೋದಾ, ಇದರ ಟಕಟಕ ಕೇಳೋದಾ ಕಣವ್ವ?" ಎಂದು ನಿಮ್ಮೆದುರೇ ರೇಗಿದರು. ತಪ್ಪು ನನ್ನದು. ನಾನು ಅದನ್ನು ಬೆಳಿಗ್ಗೆ ಪರೀಕ್ಷಿಸಿದ್ದೆ. ನಮ್ಮವರು ತೋಟಗಳಿಗೆ ತ್ರೀಫೇಸ್ ಕರೆಂಟು ಬಂದು, ಎಲ್ಲರ ಪಂಪುಗಳೂ ಓಡಿ, ವೋಲ್ಟೇಜ್ ಕುಸಿದ ಮೇಲೆಯೇ ಪರೀಕ್ಷಿಸುತ್ತಿದ್ದರು.

ಇಂದು ನಾನೂ ಕಾದೆ. ಒಳಗಿನ ರಿಲೇ ಸ್ವಿಚ್ಚು ನೂರ ಎಂಬತ್ತು ವೋಲ್ಟಿಗೇ ಹಿಡಿದು, ನೂರ ಎಂಬತ್ತಕ್ಕೇ ಬಿಡುತ್ತಿತ್ತು; ಟಕಟಕ ಅದರದೇ. ಅವರ ನೋಟ್‌ಬುಕ್ಕಿನಲ್ಲಿ, ಹಿಡಿಯುವುದಕ್ಕೂ ಬಿಡುವುದಕ್ಕೂ ಹತ್ತು ವೋಲ್ಟ್ ಅಂತರ ಇರಬೇಕು ಎಂದು ಬರೆದಿತ್ತು. ಆ ಅಂತರ ಬರುವಂತೆ ಒಂದು ರೆಸಿಸ್ಟರ್ ಬದಲಿಸಿದೆ. ವೋಲ್ಟೇಜ್ ಏರಿಳಿಯುತ್ತಲೇ ಇದೆ, ಆದರೆ ಒಂದು ಗಂಟೆಯಿಂದ ಟಕಟಕ ಇಲ್ಲ. ಅವರು ಹೋದ ಈ ಐದು ತಿಂಗಳಲ್ಲಿ ಅಂಗಡಿಯ ಮೌನ ನನಗೆ ಹಿಡಿಸಿದ್ದು ಇವತ್ತೇ.

ಬೀಗದ ಕೈ ನನ್ನ ಬಳಿಯೇ ಇರಲಿ. ಬೋರ್ಡಿನ ಮೇಲಿನ ಅವರ ಹೆಸರನ್ನು ಅಳಿಸಬೇಡಿ. ಪುಟ್ಟಗಂಗಮ್ಮನವರಿಗೆ ನಾಳೆ ಬರಲು ಹೇಳಿದ್ದೇನೆ, ನೀವೂ ಬಂದು ನೋಡಿ. ಬೆಳಿಗ್ಗೆ ಮಾತ್ರ ಬರಬೇಡಿ. ನಾಳೆ ತ್ರೀಫೇಸ್ ಬರುವುದು ಮಧ್ಯಾಹ್ನ ಮೂರು ಗಂಟೆಗೆ.

ಇಂತಿ,
ಕುಬ್ರಾ
ವಾಸಿಫ್ ಸ್ಟೆಬಿಲೈಸರ್ ರಿಪೇರಿ ಅಂಗಡಿ