ಚೂಪಿ ನಡೆದ ದಿಕ್ಕು

ಭಾವಾ,

ಇತ್ತ ನಾವೆಲ್ಲ ಕ್ಷೇಮ ಎಂದು ಬರೆದು ಪೆನ್ನು ಎತ್ತಿದೆ. ಅತ್ತಲಿನ ಸಮಾಚಾರವನ್ನು ನಿಮ್ಮಿಂದ ಯಾವ ಅಂಚೆಯಣ್ಣ ತಂದು ಕೊಡಬೇಕು? ನೀವು ಬದುಕಿದ್ದಾಗ ನಾನು ಒಂದು ಕಾರ್ಡು ಬರೆದವನಲ್ಲ. ಒಂದೇ ಟೆಂಟಿನಲ್ಲಿ ಉಂಡು ಮಲಗುವ ಭಾವ ಮೈದುನರಿಗೆ ಕಾಗದ ಯಾಕೆ? ಈಗ ಬರೆಯುವ ಹಾಗೆ ಮಾಡಿದವಳು ಅಕ್ಕ. ಮೊನ್ನೆ ಸೋಮವಾರ ನಾನು ಸ್ನಾನ ಮುಗಿಸಿ ಬಂದಾಗ ಅವಳು ನನ್ನ ಟ್ರಂಕಿನ ಮುಂದೆ ಕೂತಿದ್ದಳು. ಕೈಯಲ್ಲಿ ನೀವು ಕೊನೆಗೆ ಚಿತ್ರ ಬರೆದ ಆ ಗಾಜು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಇದು ಬಿಸಿಗೆ ಒಡೆದು ಹೋಯ್ತು ಅಂದಿದ್ಯಲ್ಲೋ ನಾಗ? ನಿಮ್ ಭಾವ ಸಾಯಾ ತನ್ಕ ಇದನ್ನೇ ಕೇಳ್ತಿದ್ರು. ಇದು ನಿನ್ನ ಪೆಟ್ಟಿಗ್ಯಾಗೆ ಹೆಂಗೆ ಐತೆ?” ಅಂದಳು. ಆ ಉತ್ತರ ಅಕ್ಕನಿಗಿಂತ ಮೊದಲು ನಿಮಗೆ ಸಲ್ಲಬೇಕು ಅನ್ನಿಸಿತು.

ನ್ಯಾಮತಿಯಲ್ಲಿ ಚೂಪಿ ಹುಟ್ಟಿದ ಮಧ್ಯಾಹ್ನ ನೆನಪಿದೆಯೇ? ನಮ್ಮ ಟೂರಿಂಗ್ ಟಾಕೀಸಿಗೆ ನೀವು ಪೇಂಟರ್, ನಾನು ಆಪರೇಟರ್. ಹಲ್ಲುಪುಡಿ ಮಾಡುವ ಒಬ್ಬ ವ್ಯಾಪಾರಿ ಜಾಹೀರಾತಿನ ಸ್ಲೈಡು ಬೇಕೆಂದು ಬಂದಿದ್ದರು. “ಹಲ್ಲು ಗಟ್ಟಿ ಅಂತ ಜನಕ್ಕೆ ನೋಡಿದ ಕೂಡ್ಲೆ ತಿಳೀಬೇಕು ನೋಡ್ರಿ” ಅಂದರು. ನೀವು ಕುಂಚವನ್ನು ಕಿವಿಯ ಮೇಲಿಂದ ತೆಗೆದು, ಗಾಜಿನ ಮೇಲೆ ತೋಳದ ಹಾಲು ಕುಡಿದು ಬೆಳೆದ ಒಂದು ಹುಡುಗಿಯನ್ನು ಬರೆದಿರಿ. ಮುಳ್ಳುಕಂಟಿಯಂಥ ಕೂದಲು, ತುಟಿಯ ಮೇಲೆ ಕೂತ ಎರಡು ಹಲ್ಲು, ಕರಟದ ಸಮೇತ ಕೊಬ್ಬರಿ ಕಡಿಯುವ ಬಾಯಿ. ಸುತ್ತ ನಾಲ್ಕು ತೋಳ. ಆ ಚೂಪು ಹಲ್ಲಿಗೆ ಚೂಪಿ ಎಂದೇ ಹೆಸರಿಟ್ಟಿರಿ. ಇವಳು ಮಾತಾಡುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, “ತೋಳದ ಮಗಳಿಗೆ ಮಾತು ಕಲಿಸಾಕೆ ನಿಮ್ಮಕ್ಕ ಹೋಗಿದ್ಲೇನೋ ಪೆದ್ದ?” ಎಂದು ನಕ್ಕಿರಿ. ಹಾಗಾಗಿ ಚೂಪಿಯ ಚಿತ್ರದಲ್ಲಿ ಒಂದಕ್ಷರವೂ ಇರಲಿಲ್ಲ. ಹಲ್ಲುಪುಡಿಯ ಹೆಸರಿಗೆ ಬೇರೆ ಸ್ಲೈಡು. ನ್ಯಾಮತಿಯಲ್ಲಿ, ಹೊನ್ನಾಳಿಯಲ್ಲಿ, ಚನ್ನಗಿರಿಯಲ್ಲಿ ಜನ ಸಿನಿಮಾಕ್ಕಿಂತ ಮೊದಲು ಬರುವ ಚೂಪಿಗಾಗಿ ಬೇಗ ಬಂದು ಕೂರುತ್ತಿದ್ದರು.

ನೀವು ಆ ಸ್ಲೈಡು ಮಾಡುತ್ತಿದ್ದ ರೀತಿ ನನಗೆ ಈಗಲೂ ನೆನಪಿದೆ. ಜಾಣತನವೋ, ಸೋಮಾರಿತನವೋ, ಊರು ಗುಡ್ಡ ಎಲ್ಲವನ್ನೂ ಒಂದು ಗಾಜಿನ ಮೇಲೆ ಒಂದೇ ಸಲ ಬರೆದಿಟ್ಟಿರಿ. ಎಡಕ್ಕೆ ಊರು, ಬಲಕ್ಕೆ ಗುಡ್ಡ. ಚೂಪಿ ಮತ್ತು ಅವಳ ತೋಳಗಳು ಮಾತ್ರ ಇನ್ನೊಂದು ಗಾಜಿನ ಮೇಲೆ. ಪಿಕ್ಚರ್ ಬದಲಾಗುವ ಶುಕ್ರವಾರ ಆ ಎರಡನೇ ಗಾಜು ಹೊಸದು ಬರುತ್ತಿತ್ತು. ಎರಡನ್ನೂ ಒಂದರ ಮೇಲೊಂದು ಇಟ್ಟು ಮೆಷಿನ್ನಿಗೆ ಹಾಕುವುದು ನನ್ನ ಕೆಲಸ. ಚೂಪಿಯ ಗಾಜನ್ನು ಮಗುಚಿ ಹಾಕಿದರೆ ಊರು ಗುಡ್ಡ ಇದ್ದಲ್ಲೇ ಇದ್ದು ಅವಳೊಬ್ಬಳೇ ಹಿಂದುಮುಂದಾಗುತ್ತಾಳೆ. ಹಾಗಾಗದಿರಲಿ ಎಂದು ನೀವು ಮೇಲಿನ ಮೂಲೆಯಲ್ಲಿ ಸುಣ್ಣದ ಬೊಟ್ಟು ಇಡುತ್ತಿದ್ದಿರಿ. “ಬೊಟ್ಟು ನಿನ್ನ ಹೆಬ್ಬೆಟ್ಟಿನ ಕೆಳಗೆ ಇರ್ಬೇಕು ಆಪರೇಟರ್ ಸಾಹೇಬ್ರೆ, ಅಷ್ಟು ಸಾಕು” ಎಂದು ಎಷ್ಟು ಸಲ ಹೇಳಿದ್ದೀರಿ.

ಜಗಳೂರಿನಾಚೆ ಆ ಹಟ್ಟಿಯ ಬಯಲಿನಲ್ಲಿ ಟೆಂಟು ಹೊಡೆದ ಮೊದಲ ವಾರವೇ ನಾವು ತಿಳಿದುಕೊಳ್ಳಬೇಕಿತ್ತು. ಹಟ್ಟಿಯ ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತು. ಸುತ್ತ ಕುರುಚಲು ಕಾಡು, ಮನೆಗೊಂದು ಕುರಿ ರೊಪ್ಪ, ಕಾಡಿನಲ್ಲಿ ನಿಜವಾದ ತೋಳ. ನೀವು ಖುಷಿಯಿಂದ ಊರಿನ ಗಾಜನ್ನೇ ಹೊಸದಾಗಿ ಬರೆದಿರಿ. ಅದೇ ಹಟ್ಟಿ, ಅದೇ ಬೇವಿನ ಮರ, ಅದೇ ಗುಡ್ಡ. ಪರದೆಯ ಮೇಲೆ ತಮ್ಮೂರು ಕಂಡಾಗ ಜನ ನಗಲಿಲ್ಲ, ಭಾವಾ. ಆ ವಾರ ತೋಳವ್ವ ಚೂಪಿಗಾಗಿ ಕುರಿಮರಿ ಕಚ್ಚಿ ತರುವ ಚಿತ್ರ ಇತ್ತು. ಭಾನುವಾರ ಬೆಳಗ್ಗೆ ಒಂದು ರೊಪ್ಪದಿಂದ ಮರಿ ಹೋಗಿತ್ತು. ತೋಳ ಇರುವ ಕಡೆ ಮರಿ ಹೋಗುವುದು ದೊಡ್ಡ ವಿಷಯವೇ? ಆದರೆ ಆ ಕುರಿಯ ಯಜಮಾನ ಟೆಂಟಿಗೆ ಬಂದು, ಕೈಮುಗಿದು, “ಮುಂದಿನ ವಾರ ಯಾರ ರೊಪ್ಪಕ್ಕೆ ಬರ್ತಾಳ್ರೀ ಆಕಿ? ಮೊದ್ಲೇ ಹೇಳಿಬಿಟ್ರೆ ನಾವು ಕಾಯಾಕೆ ಅನುಕೂಲ” ಎಂದು ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ನೀವು ಅವನನ್ನು ಸಮಾಧಾನ ಮಾಡಿ ಕಳಿಸಿದಿರಿ ನಿಜ. ಆದರೆ ಅವನು ಹೋದ ಮೇಲೆ ನಿಮ್ಮ ಮುಖದಲ್ಲಿ ಒಂದು ಹೆಮ್ಮೆ ಇತ್ತು. ನಾನು ನೋಡಿದ್ದೇನೆ, ಇಲ್ಲ ಅನ್ನಬೇಡಿ.

ಕೆಂಚಿ ಮೊದಲ ಸಲ ನಿಮ್ಮ ಬಣ್ಣದ ಡಬ್ಬಿಗಳ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಾಗ ನಾನು ಬೆಚ್ಚಿದ್ದೆ. ಟೆಂಟಿನ ಬಾಗಿಲಲ್ಲಿ ಮಂಡಕ್ಕಿ ಮಾರುವ ತಿಮ್ಮಜ್ಜಿಯ ಮೊಮ್ಮಗಳು. ಹನ್ನೆರಡು ಹದಿಮೂರು ವಯಸ್ಸು, ಹುಟ್ಟು ಮೂಗಿ. ಸೌದೆಗೆಂದು ಒಬ್ಬಳೇ ಕಾಡು ಸುತ್ತುವವಳು. ಕೆದರಿದ ಕೂದಲು, ಉಬ್ಬಿದ ಹಲ್ಲು. ನೀವು ನ್ಯಾಮತಿಯಲ್ಲಿ ಬರೆದದ್ದು ಇಲ್ಲಿ ಬಂದು ಕೂತ ಹಾಗಿತ್ತು. ನೀವು ಅವಳಿಗೆ ಒಂದು ತುಂಡು ಇದ್ದಿಲು ಕೊಟ್ಟಿರಿ, ತೋಳದ ಬಾಲವನ್ನು ಕೈಯೆತ್ತದೆ ಒಂದೇ ಗೀಟಿನಲ್ಲಿ ಬರೆಯುವುದನ್ನು ತೋರಿಸಿದಿರಿ. ಅವಳು ತಗಡಿನ ಮೇಲೆ ಹಾಗೇ ಬರೆದಾಗ ನಿಮಗಾದ ಖುಷಿ! ಆಮೇಲಿನ ವಾರಗಳಲ್ಲಿ ಚೂಪಿ ಕೆಂಚಿಯ ಹಾಗೇ ಕೂರತೊಡಗಿದಳು, ಕೆಂಚಿಯ ಹಾಗೇ ಓರೆಯಾಗಿ ನೋಡತೊಡಗಿದಳು. ಬೇಡ ಭಾವ, ಜನ ಬೇರೆ ಏನೋ ತಿಳಿಯುತ್ತಾರೆ ಅಂದೆ. “ಚಿತ್ರ ಚೆನ್ನಾಗಿ ಬರ್ತಾ ಐತೆ, ಸುಮ್ನಿರೋ” ಅಂದಿರಿ. ಅದೊಂದು ನಿಮ್ಮ ತಪ್ಪು. ಅದೊಂದೇ.

ತಿಮ್ಮಜ್ಜಿ ಬುಟ್ಟಿ ಇಲ್ಲದೆ ಬಂದ ಆ ಶುಕ್ರವಾರ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. “ನಮ್ ಹುಡುಗಿನ್ನ ಬಾವಿ ಹತ್ರ ಬಿಡ್ತಿಲ್ರೀ ಸ್ವಾಮಿ. ನೀರು ಸೇದಾಕೆ ಹೋದ್ರೆ ಕಲ್ಲು ಹೊಡೀತಾರೆ. ಮರಿ ತಿಂದೋಳು ಇವಳೇ ಅಂತಾರೆ. ನಿನ್ನೆ ಬಾಗ್ಲ ಮುಂದೆ ಮುಳ್ಳು ಹಾಕ್ಯಾರೆ. ಆಕಿನ್ನ ಪರದೆ ಮೇಲಿಂದ ಕಳಿಸಿಬಿಡ್ರಿ. ನಿಮ್ಮ ಕೈಯಾಗೈತೆ” ಅಂದಳು. ನೀವು ಕಲಸಿದ ಅನ್ನ ಬಿಟ್ಟು ಎದ್ದಿರಿ. ಇವತ್ತಿನ ಆಟದಲ್ಲೇ ಚೂಪಿ ತೋಳಗಳ ಜೊತೆ ಗುಡ್ಡ ಹತ್ತಿ ಹೊರಟುಹೋಗುತ್ತಾಳೆ, ಇಡೀ ಹಟ್ಟಿ ಅದನ್ನು ಕಣ್ಣಾರೆ ನೋಡುತ್ತದೆ, ನೀನೂ ಮೊಮ್ಮಗಳನ್ನು ಕರೆದುಕೊಂಡು ಬಂದು ಮುಂದೆ ಕೂರು ಎಂದು ಅವಳಿಗೆ ಮಾತು ಕೊಟ್ಟಿರಿ. ಸಂಜೆಯವರೆಗೂ ತಲೆ ಎತ್ತಲಿಲ್ಲ. ಹೊತ್ತು ಮುಳುಗುವಾಗ ಗಾಜು ನನ್ನ ಕೈಗೆ ಬಂತು. ಸುಣ್ಣದ ಬೊಟ್ಟು ಇನ್ನೂ ಹಸಿಯಾಗಿತ್ತು.

ಆ ಗಾಜನ್ನು ನಾನು ಹೆಗಲ ಟವೆಲ್ಲಿನಿಂದ ಒರೆಸಿದೆ. ಧೂಳು ಕೂತಿತ್ತು, ಅಭ್ಯಾಸ. ಬೊಟ್ಟು ಹೋದದ್ದು ನೋಡಲಿಲ್ಲ. ಮೆಷಿನ್ನಿಗೆ ಹಾಕಿ, ಕ್ಯಾಬಿನ್ನಿನ ಚೌಕದ ಕಿಂಡಿಯಿಂದ ಇಣುಕಿದೆ. ಪರದೆಯ ಮೇಲೆ ಚೂಪಿ ಗುಡ್ಡಕ್ಕೆ ಬೆನ್ನು ಹಾಕಿ, ಹಿಂದೆ ನಾಲ್ಕು ತೋಳಗಳನ್ನು ಕಟ್ಟಿಕೊಂಡು ಹಟ್ಟಿಯೊಳಕ್ಕೆ ಬರುತ್ತಿದ್ದಳು. ಬಣ್ಣದ ಮೈ ಹೊರಗಾಗಿದ್ದರಿಂದ ಸ್ವಲ್ಪ ಮಸುಕು ಬೇರೆ. ಯಾರೋ ಹೆಂಗಸು “ಬಂದ್ಲವ್ವೋ” ಎಂದು ಚೀರಿದಳು. ನನಗೆ ತಕ್ಷಣ ಗೊತ್ತಾಯಿತು, ಭಾವಾ. ಗಾಜು ತೆಗೆದು ಮಗುಚಿ ಹಾಕಲು ಎಷ್ಟು ಹೊತ್ತು ಬೇಕಿತ್ತು? ಆದರೆ ಹಿಂದಿನ ವಾರವಷ್ಟೇ ನಾನು ರೀಲು ಅದಲುಬದಲು ಹಾಕಿ, ಇನ್ನೊಂದು ತಪ್ಪಾದರೆ ಮನೆಗೆ ಹೋಗು ಎಂದು ಟೆಂಟಿನ ಸಾವ್ಕಾರರಿಂದ ಬೈಸಿಕೊಂಡಿದ್ದೆ. ಈಗ ತಿರುಗಿಸಿ ಹಾಕಿದರೆ ತಪ್ಪು ನನ್ನದೆಂದು ಎಲ್ಲರಿಗೂ ತಿಳಿಯುತ್ತದೆ. ಸಾವ್ಕಾರರು ಗೇಟಿನಿಂದ “ಪಿಕ್ಚರ್ ಬಿಡಲೇ” ಎಂದು ಕೂಗಿದರು. ಬಿಟ್ಟೆ. ಗಾಜು ಎಳೆಯುವಾಗ ಮೆಷಿನ್ನಿನ ಬೆಳಕು ನನ್ನ ಮುಖಕ್ಕೆ ಬಿತ್ತು. ಎಲ್ಲರೂ ಪರದೆ ನೋಡುತ್ತಿದ್ದಾಗ ಮುಂದಿನ ಸಾಲಿನಲ್ಲಿ ಒಂದು ಸಣ್ಣ ತಲೆ ಮಾತ್ರ ಹಿಂದಕ್ಕೆ, ನನ್ನ ಕಡೆಗೆ ತಿರುಗಿತ್ತು. ಆಗ ಅದಕ್ಕೆ ಗಮನ ಕೊಡಲಿಲ್ಲ.

ನೀವು ಓಡಿಬಂದು ಕ್ಯಾಬಿನ್ನಿನ ತಗಡು ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ಹೊತ್ತಿಗೆ ಅರ್ಧ ಟೆಂಟು ಎದ್ದು ಹೋಗಿತ್ತು. “ನಾಗ, ನಾನು ಅವಳ್ನ ಯಾವ ಕಡೆಗೆ ಬರ್ದಿದ್ದೆ?” ಅಂದಿರಿ.

“ಹಟ್ಟಿ ಕಡೆಗೇ ಬರ್ದಿದ್ರಿ ಭಾವ” ಅಂದೆ.

“ಗಾಜು ಕೊಡು ಇಲ್ಲಿ.”

“ಬಿಸಿಗೆ ಒಡೆದು ಹೋತು.”

ಗಾಜು ನನ್ನ ಅಂಗಿಯೊಳಗೆ, ಹೊಟ್ಟೆಗೆ ಅಂಟಿಕೊಂಡು ಸುಡುತ್ತಿತ್ತು. ನೀವು ನನ್ನನ್ನು ಒಂದು ಕ್ಷಣವೂ ಅನುಮಾನಿಸಲಿಲ್ಲವಲ್ಲ... ನಿಮ್ಮ ಬಲಗೈಯನ್ನೇ ನೋಡಿಕೊಂಡಿರಿ.

ಮಾರನೆಯ ಬೆಳಗ್ಗೆ ತಿಮ್ಮಜ್ಜಿಯ ಗುಡಿಸಲಿಗೆ ಸೂರಿರಲಿಲ್ಲ. ಅಂಗಳದ ತುಂಬ ಮಂಡಕ್ಕಿ, ಅದರ ಮೇಲೆ ನಾಯಿಗಳ ಹೆಜ್ಜೆ. “ಇಬ್ರೂ ಓಡಿ ಹೋದ್ರು” ಎಂದರು ಹಟ್ಟಿಯವರು. ಎಲ್ಲರದೂ ಒಂದೇ ಮಾತು, ಒಂದೇ ದನಿ. ನೀವು ಹೆಸರು ಕೂಗುತ್ತಾ ಕಾಡಿನ ಕಡೆ ಹೋದಿರಿ. ನಾನು ಬೇವಿನ ಮರದ ಕಡೆ ಹೋದೆ. ಮರದ ಹಿಂದೆ ಹೊಸ ಮಣ್ಣಿತ್ತು. ಅದರ ಮೇಲೆ ಯಾರೋ ಜಾಲಿ ಮುಳ್ಳು ಹೊದಿಸಿ ಕಲ್ಲು ಹೇರಿದ್ದರು. ನಾಯಿ ನರಿ ಕೆದರದ ಹಾಗೆ ಎಲ್ಲಿ ಹಾಗೆ ಮಾಡುತ್ತಾರೆ ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮಣ್ಣಿನ ಗುಡ್ಡೆ ಒಬ್ಬರಿಗಾಗುವಷ್ಟೇ ಇತ್ತು. ಆ ಒಬ್ಬರು ಯಾರೆಂದು ನಾನು ಕೇಳಲಿಲ್ಲ. ನಿಮಗೂ ಹೇಳಲಿಲ್ಲ. ಎರಡು ದಿನಕ್ಕೆ ಟೆಂಟು ಕಿತ್ತೆವು.

ಆಮೇಲಿನ ನಿಮ್ಮ ವರ್ಷಗಳನ್ನು ಅಕ್ಕ ನೋಡಿದ್ದಾಳೆ, ನಾನೂ ನೋಡಿದ್ದೇನೆ. ಚಿತ್ರ ಬರೆಯುವುದನ್ನೇ ಬಿಟ್ಟಿರಿ. ಲಾರಿಗೆ ನಂಬರು, ಅಂಗಡಿಗೆ ಬೋರ್ಡು, ಅಷ್ಟೇ. ವಾರಕ್ಕೊಂದು ದಿನ ಬಸ್ಸು ಹತ್ತಿ ಬಸವಾಪಟ್ಟಣ, ಸವಳಂಗ, ಜಗಳೂರು ಎಂದು ಅಲೆದು, ಒಬ್ಬ ಮುದುಕಿ, ಒಬ್ಬಳು ಮೂಗ ಹುಡುಗಿ ಬಂದಿದ್ದಾರಾ ಎಂದು ಸಂತೆಗಳಲ್ಲಿ ಕೇಳುತ್ತಿದ್ದಿರಿ. ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದ ಮೇಲೂ ಅಂಗೈಯನ್ನು ಮಗುಚಿ ಮಗುಚಿ ನೋಡಿಕೊಳ್ಳುತ್ತಿದ್ದಿರಿ. “ಹೆಂಗೆ ತಿರುವಿ ಬರ್ದೆನೋ ನಾಗ?” ನಾನು ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದೆ. ಹೇಳಲು ಎಷ್ಟು ದಿನಗಳಿದ್ದವು. ಒಂದು ದಿನ ಬಾಯಿ ತೆರೆದೂ ಇದ್ದೆ, ನೀವು ನನ್ನ ಕೈ ಹಿಡಿದು, ನೀನೊಬ್ಬ ಇದ್ದೀಯಲ್ಲ ಅಂದಿರಿ...

ಹೋದ ವಾರ ಸವಳಂಗದ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಟೆಂಟುಗಳೆಲ್ಲ ಮುಚ್ಚಿ ಈಗ ಊರೂರಿನಲ್ಲಿ ವಿಡಿಯೋ ಬಂದಿದೆ; ನಾನು ಹೊನ್ನಾಳಿಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದೇನೆ. ಇಳಿದು ಬೀಡಿ ಹಚ್ಚಿದವನಿಗೆ ಇಟ್ಟಿಗೆ ಭಟ್ಟಿಯ ಉದ್ದನೆಯ ಸುಣ್ಣದ ಗೋಡೆ ಕಂಡಿತು. ಗೋಡೆಯ ಮೇಲೆ ಇದ್ದಿಲಿನಲ್ಲಿ ನಾಲ್ಕು ತೋಳ. ಬಾಲಗಳು ಕೈಯೆತ್ತದೆ ಒಂದೇ ಗೀಟಿನಲ್ಲಿ. ಆ ಗೀಟು ನಿಮ್ಮದು, ಭಾವಾ. ಬಲಕ್ಕೆ ಗುಡ್ಡ, ಎಡಕ್ಕೆ ಹಟ್ಟಿ. ಹುಡುಗಿ ಹಟ್ಟಿಯ ಕಡೆಗೇ ನಡೆಯುತ್ತಿದ್ದಳು. ಬೇವಿನ ಮರದ ಕೆಳಗೆ ಬೋರಲು ಬಿದ್ದ ಒಂದು ಮಂಡಕ್ಕಿ ಬುಟ್ಟಿ, ಸುತ್ತ ದೊಣ್ಣೆ ಹಿಡಿದ ಜನ. ಯಾರಿಗೂ ಮುಖವಿಲ್ಲ. ಎಲ್ಲಕ್ಕಿಂತ ಆಚೆ, ಮೇಲ್ಗಡೆ, ಒಂದು ಸಣ್ಣ ಖಾಲಿ ಚೌಕ.

ತಲೆಯ ಮೇಲೆ ಇಟ್ಟಿಗೆ ಹೊತ್ತ ಹೆಂಗಸೊಬ್ಬಳು ನನ್ನ ಮುಂದೆ ಬಂದು ನಿಂತಳು. ಇಪ್ಪತ್ತು ದಾಟಿದ ವಯಸ್ಸು, ತುಟಿಯ ಮೇಲೆ ಕೂತ ಎರಡು ಹಲ್ಲು. ಕೆಂಚಿ. ಅವಳು ಬದುಕಿದ್ದಾಳೆ, ನಿಮಗೆ ತಿಳಿಯದ ಸುದ್ದಿ ಇದು. ಓರೆಯಾಗಿ ನನ್ನನ್ನು ನೋಡುತ್ತಲೇ ಇದ್ದಳು. ಇಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಟ್ಟಳು, ನೆಲದಿಂದ ಇದ್ದಿಲು ಎತ್ತಿಕೊಂಡಳು, ಗೋಡೆಯ ಹತ್ತಿರ ಹೋಗಿ ಆ ಖಾಲಿ ಚೌಕದೊಳಗೆ ಎರಡು ಕಣ್ಣು ಬರೆದಳು. ಆಮೇಲೆ ಮೂಗು, ನನ್ನ ಈ ಸೊಟ್ಟ ಬಾಯಿ. ಇಷ್ಟು ವರ್ಷ ಅವಳು ಕ್ಯಾಬಿನ್ನಿನ ಆ ಕಿಂಡಿಯಲ್ಲಿ ನನ್ನ ಮುಖಕ್ಕೆ ಜಾಗ ಬಿಟ್ಟು ಕಾದಿದ್ದಳು. ಬಸ್ಸಿನವನು ಹಾರ್ನ್ ಹೊಡೆದ. ನಾನು ಕೈಮುಗಿಯಲಿಲ್ಲ, ಕಾಲಿಗೆ ಬೀಳಲಿಲ್ಲ, ಹೇಡಿಯ ಹಾಗೆ ಓಡಿಹೋಗಿ ಬಸ್ಸು ಹತ್ತಿದೆ. ಮನೆಗೆ ಬಂದು ಗಾಜನ್ನು ಹೊರತೆಗೆದು ನೋಡಿ, ಟ್ರಂಕಿಗೆ ಬೀಗ ಹಾಕುವುದನ್ನು ಮರೆತೆ. ಅಕ್ಕನ ಕೈಗೆ ಸಿಕ್ಕಿದ್ದು ಹಾಗೆ.

ಈ ಕಾಗದ ಮುಗಿಸಿ ಅಕ್ಕನಿಗೆ ಓದಿ ಹೇಳುತ್ತೇನೆ. ಅವಳು ನನ್ನನ್ನು ಮನೆಯಿಂದ ಹೊರಗೆ ಹಾಕಿದರೂ ಸರಿ, ಭಾನುವಾರ ಗಾಜು ತೆಗೆದುಕೊಂಡು ಆ ಭಟ್ಟಿಗೆ ಹೋಗುತ್ತೇನೆ. ನೀವು ಬರೆದ ದಿಕ್ಕಿನಲ್ಲೇ ಹಿಡಿದು ಕೆಂಚಿಗೆ ತೋರಿಸುತ್ತೇನೆ. ಆಮೇಲೆ ಅವಳು ಏನು ಮಾಡುತ್ತಾಳೋ ಮಾಡಲಿ. ಬಸ್ಸು ಹೊರಟ ಮೇಲೂ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಆ ಗೋಡೆಯನ್ನು ಕೊನೆಯವರೆಗೆ ಹುಡುಕಿದೆ. ತೋಳಗಳಿದ್ದವು, ಹಟ್ಟಿಯ ಜನರಿದ್ದರು, ಚೌಕದೊಳಗೆ ನಾನಿದ್ದೆ. ನೀವು ಎಲ್ಲಿಯೂ ಇರಲಿಲ್ಲ, ಭಾವಾ.

ನಿಮ್ಮ ಮೈದುನ,
ನಾಗ