ತೆಂಗಿನ ಮರದ ಆಂಟೆನಾ

೧೨-೧೧-೧೯೮೯, ಭಾನುವಾರ. ನೊಣವಿನಕೆರೆ.

ಇವತ್ತು ಕಲರ್ ಟಿವಿ ಬಂತು. ಹೊಸ ಆಂಟೆನಾವನ್ನು ಮನೆಯ ಮೇಲೆ ಕಂಬಕ್ಕೆ ಕೂರಿಸಿ, ಹಳೆಯದನ್ನು ಹಿತ್ತಲ ತೆಂಗಿನ ಮರದಿಂದ ಇಳಿಸಿದರು. ಅಣ್ಣ ಹಾಕಿದ್ದ ಹಗ್ಗದ ಗಂಟು ಬಿಚ್ಚಲು ಬರಲಿಲ್ಲವಂತೆ, ಕುಡುಗೋಲಿನಿಂದ ಕೊಯ್ದರು. "ಇನ್ಮೇಲೆ ಯಾರೂ ಮರ ಹತ್ತಂಗಿಲ್ಲ ಬುಡು," ಅಂದರು ಅಪ್ಪ. ಹತ್ತುತ್ತಿದ್ದವನೇ ಕಾಮಾಲೆಯಲ್ಲಿ ಹೋಗಿ ವರ್ಷವಾಯಿತು, ಇನ್ನು ಯಾರು ಹತ್ತಬೇಕು?

ನಾವು ಚಿಕ್ಕವರಿದ್ದಾಗ ಕಾರ್ಟೂನ್ ಶುರುವಾಗುವ ಹೊತ್ತಿಗೇ ಚಿತ್ರ ಹಾರಿ ಪರದೆ ತುಂಬ ಚುಕ್ಕೆಯಾಗುತ್ತಿತ್ತು. ಅಣ್ಣ ಮರ ಹತ್ತಿ ಆಂಟೆನಾ ತಿರುಗಿಸುತ್ತ "ಬಂತೇನೇ?" ಎಂದು ಕೂಗುತ್ತಿದ್ದ. ಕೈ ಬಿಟ್ಟರೆ ಮತ್ತೆ ಹೋಗುತ್ತಿತ್ತು, ಹಾಗಾಗಿ ಮುಗಿಯುವವರೆಗೂ ಮೇಲೆಯೇ ಹಿಡಿದುಕೊಂಡಿರುತ್ತಿದ್ದ. ಇಳಿದ ಮೇಲೆ "ಏನಾಯ್ತು ಹೇಳೇ" ಅನ್ನುತ್ತಿದ್ದ. ನಾನು ಹೇಳಿದ್ದನ್ನೇ ವಾರವಿಡೀ ಕಾಯಿ ಸುಲಿಯುವವರ ಮುಂದೆ ಕುಣಿದು ತೋರಿಸುತ್ತಿದ್ದ.

ಸಂಜೆಯಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಒಂದು ಬೆಕ್ಕು ಏಣಿ ಹತ್ತಿ ಚಂದ್ರನ ಹತ್ತಿರ ಹೋಗುತ್ತಿತ್ತು. ಆಮೇಲೆ? ಇಳಿಯಿತೋ ಇಲ್ಲವೋ? ನೋಡಿದವಳು ನಾನು, ನೆನಪಿಟ್ಟುಕೊಂಡವನು ಒಂದು ದಿನವೂ ನೋಡದ ಅವನು. ಯಾರನ್ನು ಕೇಳಲಿ?

ಹೊಸ ಟಿವಿಯಲ್ಲಿ ಒಂದು ಚುಕ್ಕೆಯೂ ಇಲ್ಲ. ನನಗೆ ನೋಡಲಾಗಲಿಲ್ಲ, ಎದ್ದು ಬಂದೆ. ಪರದೆ ತುಂಬ ಚುಕ್ಕೆಯೇ ಇರಲಿ, ಮೇಲಿನಿಂದ ಒಂದೇ ಒಂದು ಸಲ ಆ "ಬಂತೇನೇ" ಕೇಳಿಸಿದರೆ ಸಾಕು, ಇಲ್ಲ ಕಣೋ, ಇನ್ನೂ ಬಂದಿಲ್ಲ, ಇಳೀಬೇಡ ಅಂತ…